ಸೋಮವಾರ ಹೂಡಬಾರದ ರೋಬೋ

ಟಣ್, ಟಣ್, ಟಣಣಣ.

ಹಿತ್ತಾಳೆ ಪರಾತದಲ್ಲಿ ಇಪ್ಪತ್ತು ಮುಖದ ದಾಳವೊಂದು ಬಿದ್ದು, ಸುತ್ತು ಹೊಡೆದು, ಅಂಚಿಗೆ ಒರಗಿ, ಇಷ್ಟವಿಲ್ಲದವರಂತೆ ನಿಂತ ಸದ್ದು ಅದು. ಬೆಳಗಿನಿಂದ ಹತ್ತನೆಯ ಸಲ. ಆಟಗಾರರು ಇನ್ನೂ ಬಂದಿರಲಿಲ್ಲ. ರವೀಂದ್ರ ಸುಮ್ಮನೆ ಕೈ ಪಳಗಿಸುತ್ತಿದ್ದ.

"ರೀ," ಅಡುಗೆಮನೆಯಿಂದ ಹೆಂಡತಿ ಗಂಗಾಂಬಿಕಾ ಕೂಗಿದಳು. "ಆ ಪರಾತ ಕೊಟ್ರ ಚಪಾತಿ ಹಿಟ್ಟು ಕಲಿಸ್ತೀನಿ. ಇಲ್ಲಾಂದ್ರ ಮಧ್ಯಾಹ್ನ ಎಲ್ಲಾರೂ ಕೂಡಿ ದಾಳಾನ ಉಣ್ಣೋಣು."

"ಮನ್ಯಾಗ ಇನ್ನೊಂದು ಪರಾತ ಇಲ್ಲೇನು?"

"ಐತಿ. ಅದರಾಗ ನಿಮ್ಮ ರಾಕ್ಷಸನ್ನ ಒಣಗಾಕ ಇಟ್ಟೀರಿ."

ಮಾತು ನಿಜ. ಎರಡನೆಯ ಪರಾತದಲ್ಲಿ ಜೇಡಿಮಣ್ಣಿನ ಘಟ್ಟಾಸುರ ಬಾಯಿ ತೆರೆದು ಕಿಟಕಿಯ ಬಿಸಿಲು ಕಾಯಿಸುತ್ತಿದ್ದ. ರವೀಂದ್ರ ಬಾಯಿ ಮುಚ್ಚಿಕೊಂಡು ಪರಾತ ಕೊಟ್ಟ. ದಾಳಗಳನ್ನು ಸ್ಟೀಲ್ ತಟ್ಟೆಗೆ ವರ್ಗಾಯಿಸಿದ. ಸ್ಟೀಲಿನಲ್ಲಿ ಆ ಗಾಂಭೀರ್ಯ ಬರುವುದಿಲ್ಲ. ಆದರೆ ಇವತ್ತು ಹೆಂಡತಿಯೊಂದಿಗೆ ಜಗಳವಾಡುವ ದಿನವಲ್ಲ.

ರವೀಂದ್ರನಿಗೆ ಶಿರಸಿಯ ಬನವಾಸಿ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು, ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಆರು ವಾರ ಮಲಗಿದ್ದಾಗ, ಫೋನಿನಲ್ಲಿ ಒಂದು ವಿಚಿತ್ರ ಆಟ ಅವನ ಕಣ್ಣಿಗೆ ಬಿತ್ತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರಲ್ಲಿ ಪಾತ್ರಗಳಾಗುತ್ತಾರೆ. 'ನಾನು ಗೋಡೆ ಹಾರುತ್ತೇನೆ' ಎಂದು ಒಬ್ಬರು ಅಂದರೆ, ಹಾರಿದರೋ ಬಿದ್ದರೋ ಎಂಬುದನ್ನು ದಾಳ ಹೇಳುತ್ತದೆ. ಅದರಲ್ಲಿಯೂ ಒಂದು ಬಗೆಯ ಆಟದಲ್ಲಿ ನಾಲ್ಕು ಮಾಳಿಗೆ ಎತ್ತರದ ರೋಬೋಗಳಿದ್ದವು. ಮನುಷ್ಯರು ಅವುಗಳ ಎದೆಯೊಳಗೆ ಕೂತು ನಡೆಸುತ್ತಿದ್ದರು.

ರವೀಂದ್ರನ ಎದೆ ಝಲ್ಲೆಂದಿತು. ಬೆನ್ನಿಗೇ ಸಿಟ್ಟೂ ಬಂತು. ಏಕೆಂದರೆ ಅವನು ಮೆಕ್ಯಾನಿಕ್. ಒಂದು ಆಟದ ನಿಯಮದಲ್ಲಿ ರೋಬೋ ಬರೀ ಗಾಡಿ. ಇನ್ನೊಂದರಲ್ಲಿ ಅದು ಚಾಲಕ ತೊಟ್ಟ ದೊಡ್ಡ ಅಂಗಿ. ಮತ್ತೊಂದರಲ್ಲಿ ಅದೇ ಒಂದು ಪಾತ್ರ, ಚಾಲಕ ಅದರ ಜೇಬಿನಲ್ಲಿರುವ ಚಿಲ್ಲರೆ. ಯಂತ್ರಕ್ಕೆ ಪೆಟ್ಟು ಬಿದ್ದರೆ ಒಳಗೆ ಕೂತವನಿಗೆ ಎಷ್ಟು ನೋವಾಗಬೇಕು? ಚಾಲಕ ಹೆದರಿದರೆ ಯಂತ್ರದ ಕೈ ನಡುಗಬೇಕೋ ಬೇಡವೋ? ಸಮಾಧಾನವಾಗುವ ಉತ್ತರ ಅವನಿಗೆ ಎಲ್ಲಿಯೂ ಸಿಗಲಿಲ್ಲ. ಆದ್ದರಿಂದ ಒಂದು ಉದ್ದ ನೋಟ್‌ಬುಕ್ ತರಿಸಿಕೊಂಡು, ಕಾಲು ದಿಂಬಿನ ಮೇಲಿಟ್ಟುಕೊಂಡೇ, ಕನ್ನಡದಲ್ಲಿ ಸ್ವಂತ ನಿಯಮ ಬರೆಯಲು ಕೂತ. ಕಾಲಿನ ಮೂಳೆ ಕೂಡಿತು, ಬರವಣಿಗೆ ನಿಲ್ಲಲಿಲ್ಲ.

ಅವನ ರೋಬೋದ ಹೆಸರು ವಜ್ರಕಾಯ. ಹಳೆಯ ವಾಲ್ವು, ಬೋಲ್ಟು, ಕಪ್ಲಿಂಗುಗಳನ್ನು ಬೆಸೆದು ಗೇಣುದ್ದದ ಬೊಂಬೆ ಮಾಡಿ, ತಲೆಗೆ ಎರಡು ತಾಮ್ರದ ತಂತಿ ಸಿಕ್ಕಿಸಿದ್ದ. ಅದನ್ನು ನಡೆಸಲು ಮೂವರು ಚಾಲಕರು. ಕಾಲು ಒಬ್ಬರದು, ಕೈ ಒಬ್ಬರದು, ಕಣ್ಣು ಒಬ್ಬರದು. ಮೂವರಿಗೂ ಒಮ್ಮತ ಬಾರದಿದ್ದರೆ ಮಹಾಯಂತ್ರ ನಿಂತಲ್ಲೇ ನಿಂತಿರುತ್ತದೆ. (ಈ ನಿಯಮಕ್ಕಾಗಿ ಅವನು ಹೊರಗಿನ ಪುಸ್ತಕ ನೋಡಬೇಕಾಗಲಿಲ್ಲ. ಅವ್ವ, ಹೆಂಡತಿ, ತಾನು ಎಂದು ಮನೆಯಲ್ಲೇ ಮೂವರಿದ್ದರು.)

ಹೀಗೆ ನೂರಾ ಹನ್ನೊಂದು ಪುಟ ತುಂಬಿತು. ನೂರಾ ಹನ್ನೆರಡನೆಯದರಲ್ಲಿ 'ಮುಕ್ತಾಯ' ಎಂದು ತಲೆಬರಹ ಹಾಕಿ, ಕೆಳಗೆ ಖಾಲಿ ಬಿಟ್ಟಿದ್ದ. ಆಟ ಹೇಗೆ ಮುಗಿಯುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಹನ್ನೊಂದು ತಿಂಗಳಲ್ಲಿ ಮೂರು ಸಲ ಆಡಿಸಿದ್ದ. ಮೊದಲನೆಯದು ರೋಬೋದ ಮಂಡಿ ಹಿಂದಕ್ಕೂ ಮಡಿಸುತ್ತದೆಯೋ ಎಂಬ ಜಗಳದಲ್ಲಿ ನಿಂತಿತು. ಎರಡನೆಯದು ಕರೆಂಟು ಹೋಗಿ ನಿಂತಿತು. ಮೂರನೆಯದರಲ್ಲಿ ಕಾಲಿನ ಚಾಲಕ ನಿದ್ದೆ ಹೋದ. ಯಾರಾದರೂ ಒಬ್ಬರು 'ಆಟ ಮುಗೀತು' ಎಂದು ಹೇಳುವುದನ್ನು ಒಂದೇ ಒಂದು ಸಲ ಕೇಳಬೇಕೆಂಬುದು ಅವನ ಆಸೆ. ಕೇಳಿದ ದಿನವೇ ಆ ಪುಟ ಬರೆಯುವವನಿದ್ದ.

ತೊಂದರೆ ಇದ್ದುದು ಮೇಜಿನದು. ಮನೆಯಲ್ಲಿರುವುದು ಒಂದೇ ಮೇಜು, ಆರಡಿ ಉದ್ದದ್ದು. ಅದರ ಮೇಲೆ ಸಿದ್ದಾಪುರದಿಂದ ಅರಬೈಲು ಘಟ್ಟದವರೆಗಿನ ನಕ್ಷೆ ಹಾಸಿ ಹನ್ನೊಂದು ತಿಂಗಳಾಗಿತ್ತು. ಮನೆಯವರು ನೆಲದ ಮೇಲೆ ಊಟ ಮಾಡುತ್ತಿದ್ದರು. ಗಂಗಾಂಬಿಕಾ ಸೀರೆಗಳಿಗೆ ಫಾಲ್ ಹಚ್ಚಿ ಪಿಕೊ ಮಾಡಿಕೊಡುತ್ತಿದ್ದಳು. ಮದುವೆಯ ಹಂಗಾಮು. ನಲವತ್ತು ಸೀರೆ ಮಂಚದ ಮೇಲೆ ಕಾದು ಕೂತಿದ್ದವು. ಸೀರೆ ಹಾಸಲು ಅವಳಿಗೆ ಜಾಗವಿರಲಿಲ್ಲ.

ಹೋದ ಸೋಮವಾರ ಅವಳು ಕರಾರು ಹಾಕಿದ್ದಳು. "ಬರೋ ಸೋಮವಾರ ನಾಕು ಗಂಟೆ ಒಳಗ ಒಂದಾರ ಆಟ ಕಡೀತನಕ ಮುಗಿಸ್ರಿ. ಮುಗಿಸಿದ್ರ ಸೋಮವಾರಕ್ಕೊಮ್ಮೆ ಟೇಬಲ್ ನಿಮ್ದು, ನಾ ಚಕಾರ ಎತ್ತಂಗಿಲ್ಲ. ಮುಗೀಲಿಲ್ಲಾಂದ್ರ ನಿಮ್ಮ ವಜ್ರಕಾಯ ಅಟ್ಟ ಹತ್ತತಾನ."

ಆ ಸೋಮವಾರ ಇವತ್ತೇ.

ಹತ್ತು ಗಂಟೆಗೆ ಸುನೀಲ ಬಂದ. ಟ್ರ್ಯಾಕ್ಟರ್ ಶೋರೂಮಿನ ಮೆಕ್ಯಾನಿಕ್, ಕೈಯ ಚಾಲಕ. ಅವನ ಹಿಂದೆಯೇ ಚೇತನಾ ಬಂದಳು. ದನದ ಆಸ್ಪತ್ರೆಯಲ್ಲಿ ಕೆಲಸ, ಇವತ್ತು ರಜೆ ಹಾಕಿದ್ದಳು, ಕಣ್ಣಿನ ಚಾಲಕಿ. ಕಾಲಿನ ಚಾಲಕ ಪ್ರಮೋದ ಸಿದ್ದಾಪುರದಿಂದ ಬರಬೇಕಿತ್ತು. ಅವನ ಬದಲು ಅವನ ಫೋನು ಬಂತು.

"ರವೀಂದ್ರಣ್ಣ, ತಂಗಿ ಮದುವೆ ಕಾಗದ ಹಂಚೂಕೆ ಹೊರಟೀವಿ. ಇವತ್ತು ಬರೂಕೆ ಆಗೂದಿಲ್ಲ ಮಾರಾಯ."

ರವೀಂದ್ರ ಫೋನಿಟ್ಟು ನಿಂತ. ಕಾಲಿಲ್ಲದ ರೋಬೋ ಅರಬೈಲಿಗೆ ಹೋಗುವುದು ಹೇಗೆ? ಅವನ ದೃಷ್ಟಿ ಪಡಸಾಲೆಯ ಮೂಲೆಗೆ ಹೋಯಿತು. ಅಲ್ಲಿ ಅವನ ಅವ್ವ ಸಾವಿತ್ರವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಎಪ್ಪತ್ತೆರಡು ವರ್ಷ. ಬನವಾಸಿ ಕಡೆಯ ಒಕ್ಕಲುತನದ ಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು.

"ಅವ್ವಾ, ಸ್ವಲ್ಪ ಕಾಲಾಗತೀಯೇನು?"

"ಏನಾಗಬೇಕೋ ತಮ್ಮಾ?"

"ಕಾಲು. ಈ ರೋಬೋಂದು. ಏನಿಲ್ಲ, ನಾ ಹೇಳಿದಾಗ ದಾಳ ಒಗೀಬೇಕು, ಅಷ್ಟ."

"ನನ್ನ ಮಂಡೀನ ನನ್ನ ಮಾತು ಕೇಳಂಗಿಲ್ಲ," ಅನ್ನುತ್ತಲೇ ಸಾವಿತ್ರವ್ವ ಎದ್ದು ಬಂದು, ಬೆಳ್ಳುಳ್ಳಿಯ ಬುಟ್ಟಿಯೊಂದಿಗೆ ಕುರ್ಚಿ ಏರಿ ಚಕ್ಕಳಮಕ್ಕಳ ಹಾಕಿ ಕೂತಳು. ಮಗ ಏನಾದರೂ ಕೇಳಿ ಎಷ್ಟೋ ದಿನವಾಗಿತ್ತು.

ರವೀಂದ್ರ ಗಂಟಲು ಸರಿಮಾಡಿಕೊಂಡ. "ಅರಬೈಲು ಘಟ್ಟದಲ್ಲಿ ಬಂಡೆಗಳಿಂದ ಹುಟ್ಟಿದ ಘಟ್ಟಾಸುರ ರಸ್ತೆಗೆ ಅಡ್ಡ ಮಲಗಿದ್ದಾನೆ. ಹುಬ್ಬಳ್ಳಿಯ ಲಾರಿಗಳು ಈಚೆ, ಅಂಕೋಲೆಯ ಮೀನು ಆಚೆ. ನಾಡಿನ ಕಣ್ಣೆಲ್ಲ ಈಗ ಶಿರಸಿಯಲ್ಲಿ ನಿಂತಿರುವ ವಜ್ರಕಾಯನ ಮೇಲೆ! ಮೊದಲ ಹೆಜ್ಜೆ ಕಾಲಿನದು. ಅವ್ವಾ, ಒಗಿ."

ಸಾವಿತ್ರವ್ವ ದಾಳವನ್ನು ಅಂಗೈಯಲ್ಲಿಟ್ಟುಕೊಂಡು ಬೊಂಬೆಯನ್ನೇ ನೋಡಿದಳು.

"ಇವತ್ತ ಯಾವ ವಾರ?"

"ಸೋಮವಾರ."

"ಹಂಗಾದ್ರ ಇದನ್ನ ಹೂಡೂದು ಹೆಂಗೋ?"

ಸೋಮವಾರ ಬಸವಣ್ಣನ ದಿನ, ಅಂದು ಎತ್ತಿನ ಕೊರಳಿಗೆ ನೊಗ ಇಡುವಂತಿಲ್ಲ. ಇದು ರವೀಂದ್ರನಿಗೆ ಹಾಲು ಕುಡಿಯುವಾಗಿನಿಂದ ಗೊತ್ತು. ಅವನ ಅಂಗಡಿಯ ವಾರದ ರಜೆ ಸೋಮವಾರ ಇದ್ದುದೂ ಅದೇ ಕಾರಣಕ್ಕೆ. ಊರಿನಿಂದ ಹತ್ತಿಬಂದ ರೂಢಿ. ಆ ರೂಢಿ ಅವನಿಗೆ ಆಟವಾಡಲು ಒಂದು ದಿನ ಕೊಟ್ಟಿತ್ತು. ಈಗ ಕಿತ್ತುಕೊಳ್ಳಲು ಬಂದಿತ್ತು.

"ಅವ್ವಾ, ಇದು ಎತ್ತಲ್ಲ. ಟ್ರ್ಯಾಕ್ಟರ್ ಇದ್ದಂಗ. ಊರಾಗ ಕಾಕಾ ಸೋಮವಾರ ಟ್ರ್ಯಾಕ್ಟರ್ ಹೊಡ್ಯಂಗಿಲ್ಲೇನು?"

"ಹೊಡೀತಾನ. ಟ್ರ್ಯಾಕ್ಟರಿಗೆ ಅಮಾಸಿ ರಜಾ, ಎತ್ತಿಗೆ ಸೋಮವಾರ. ಇದು ಯಾವ್ದು ಅಂತ ಮೊದ್ಲ ಹೇಳು."

ದೊಡ್ಡ ದೊಡ್ಡ ನಿಯಮ ಪುಸ್ತಕಗಳು ಬಿಡಿಸದೆ ಬಿಟ್ಟ ಪ್ರಶ್ನೆಯನ್ನೇ ಅವ್ವ ಬೆಳ್ಳುಳ್ಳಿ ಬಿಡಿಸುತ್ತ ಕೇಳಿದ್ದಳು.

"ಸುನೀಲಾ, ನೀನ ಹೇಳಪಾ," ರವೀಂದ್ರ ಸಾಕ್ಷಿ ಕರೆದ. "ನೀ ದಿನಾ ಟ್ರ್ಯಾಕ್ಟರ್ ನೋಡಾಂವ."

ಸುನೀಲ ಬೊಂಬೆಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. "ನಟ್ಟು ಬೋಲ್ಟೆಲ್ಲ ನಮ್ದೇ ರವೀಂದ್ರಣ್ಣ. ಆದ್ರೆ ಹದಿನಾಲ್ಕು ವರ್ಷದ ಸರ್ವಿಸಲ್ಲಿ ಕೊಂಬು ಇದ್ದ ಟ್ರ್ಯಾಕ್ಟರ್ ನಾ ನೋಡಿಲ್ಲ."

"ಅದು ಆಂಟೆನಾ!"

"ಆಂಟೆನಾ ಹಿಂಗೆ ಬಾಗಿರೂದಿಲ್ಲ."

"ಪುಸ್ತಕದಲ್ಲಿ ಎಂತ ಬರ್ದೀರಿ ನೋಡೋಣ," ಚೇತನಾ ನೋಟ್‌ಬುಕ್ಕು ಎಳೆದುಕೊಂಡಳು. "ನಿಯಮ ಏಳು. ವಜ್ರಕಾಯನಿಗೆ ನಲವತ್ತು ಪ್ರಾಣ."

"ಪ್ರಾಣ ಐತಿ," ಎಂದಳು ಸಾವಿತ್ರವ್ವ, ಒಂದು ಎಸಳು ಬುಟ್ಟಿಗೆ ಹಾಕಿ.

"ನಿಯಮ ಹನ್ನೆರಡು. ಮೂರು ಪೆಟ್ಟು ತಿಂದರೆ ದಣಿಯುತ್ತಾನೆ. ದಣಿದವನಿಗೆ ಒಂದು ದಿನ ವಿಶ್ರಾಂತಿ ಕೊಡತಕ್ಕದ್ದು."

"ದಣಿತೈತಿ."

"ಹತ್ತೊಂಬತ್ತು. ತನ್ನ ಚಾಲಕನ ದನಿ ಗುರುತಿಸುತ್ತಾನೆ. ಹೊಸಬರು ಹತ್ತಿದರೆ ಮೊದಲ ದಿನ ಹಟ ಮಾಡುತ್ತಾನೆ." ಚೇತನಾ ತಲೆಯೆತ್ತಿದಳು. "ರವೀಂದ್ರಣ್ಣ, ನಮ್ಮ ಆಸ್ಪತ್ರೆಗೆ ಹಗ್ಗ ಹಾಕ್ಕೊಂಡು ಬರೋದೆಲ್ಲ ಇದೇ ಲಕ್ಷಣದ್ದು."

"ಜೀವ ಐತಿ, ದಣಿತೈತಿ, ಕೊಂಬೈತಿ, ಮಂದಿ ಹೇಳಿದಂಗ ನಡೀತೈತಿ," ಸಾವಿತ್ರವ್ವ ಬೆರಳು ಮಡಿಚಿದಳು. "ಇದಕ್ಕ ನಮ್ಮೂರಾಗ ಎತ್ತು ಅಂತಾರಪಾ. ನಿಮ್ಮ ಶಿರಸಿಯಾಗ ಏನಂತಾರೋ ಗೊತ್ತಿಲ್ಲ."

ರವೀಂದ್ರ ಕೆಂಪು ಪೆನ್ನು ತೆಗೆದುಕೊಂಡ. ಉಪಾಯ ಸುಲಭವಿತ್ತು. 'ಪ್ರಾಣ' ಎಂಬುದನ್ನು ಹೊಡೆದು 'ಡೀಸೆಲ್' ಎಂದು ಬರೆದರೆ ಸಾಕು, ಖಟ್ಲೆ ಗೆದ್ದಂತೆ. ಪೆನ್ನಿನ ಮೊನೆ ಆ ಎರಡಕ್ಷರದ ಮೇಲೆ ಬಂದು ನಿಂತಿತು. ಇಪ್ಪತ್ತೆರಡು ವರ್ಷ ಪಂಪು ಬಿಚ್ಚಿದವನು ಅವನು. ಯಾವ ಪಂಪು ಬೆಳಿಗ್ಗೆ ಮುನಿಸಿಕೊಂಡಿರುತ್ತದೆ, ಯಾವುದು ಮಾಲಕನ ಕೈಯಲ್ಲಷ್ಟೇ ಚಾಲೂ ಆಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕಾಲು ಮುರಿದು ಮಲಗಿದ್ದಾಗ ಆ ಪ್ರಾಣವನ್ನು ಒಂದೊಂದಾಗಿ ನಲವತ್ತರವರೆಗೆ ಎಣಿಸಿ ಕೊಟ್ಟಿದ್ದ. ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟ.

"ಆತು. ಆಟದಾಗ ಇವತ್ತ ಮಂಗಳವಾರ ಅಂತ ತಿಳ್ಕೊ."

"ತಿಳ್ಕೊಂಡೆ. ಆಟದಾಗ ಮಂಗಳವಾರ. ದಾಳ ಹಿಡದ ಕೈ ನಂದು. ನನ್ನ ಕೈಗೆ ಸೋಮವಾರ."

"ಗಂಗಾ, ನೀನಾರ ಬಾ, ಕಾಲಾಗು!"

"ನಾ ಪಂಚರಿ," ಒಳಗಿನಿಂದ ಉತ್ತರ ಬಂತು. "ನ್ಯಾಯ ಹೇಳೋ ಪಂಚರು ಆಟಕ್ಕಿಳೀಬಾರ್ದು. ಊಟಕ್ಕ ಏಳ್ರಿ ಎಲ್ಲಾರೂ."

ಊಟ ನೆಲದ ಮೇಲೆಯೇ ಆಯಿತು. ಮೇಲೆ ಮೇಜಿನಲ್ಲಿ ವಜ್ರಕಾಯ ಶಿರಸಿಯಿಂದ ಒಂದು ಹೆಜ್ಜೆಯನ್ನೂ ಇಡದೆ ನಿಂತಿದ್ದ. ಕಾಲಿನ ಕೆಲಸವನ್ನು ನೀವೇ ಹಂಚಿಕೊಳ್ಳಿ ಎಂದು ರವೀಂದ್ರ ಗೆಳೆಯರ ಕೈ ಹಿಡಿದ. ಚೇತನಾ ಚಪಾತಿ ಮುರಿಯುತ್ತ ತಲೆಯಾಡಿಸಿದಳು. "ನಮ್ಮಲ್ಲಿ ಆ ನೇಮ ಇಲ್ಲ ರವೀಂದ್ರಣ್ಣ. ಆದ್ರೆ ಅಮ್ಮ ಬೇಡ ಅಂದ್ಮೇಲೆ ಅವರ ಮನೇಲೇ ಕೂತು ಹೂಡೋದು ಹೆಂಗೆ?" ಸುನೀಲ ಪಲ್ಯ ಹಾಕಿಸಿಕೊಳ್ಳುವುದರಲ್ಲಿದ್ದ. ಅನ್ನ ಹಾಕಿದ ಕೈಯ ವಿರುದ್ಧ ಮತ ಹಾಕುವ ಜಾತಿಯವನಲ್ಲ ಅವನು.

ಗಡಿಯಾರ ಎರಡು ಹೊಡೆಯಿತು. ಮಗ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತದ್ದನ್ನು ಸಾವಿತ್ರವ್ವ ನೋಡಿದಳು. ತಾಯಿಯ ಕರುಳು.

"ತಮ್ಮಾ, ಹೂಡಬಾರ್ದು ಅಂದೆ. ನಡೀಬಾರ್ದು ಅಂದೆನೇನು? ಸೋಮವಾರ ಕೊರಳ ಬಿಚ್ಚಿದ ಎತ್ತು ತಾನ ಹಳ್ಳಕ್ಕ ಹೋಗಿ ನೀರು ಕುಡದು ಬರಂಗಿಲ್ಲೇನು? ಯಾರು ಹೊಡೀತಾರ ಅದನ್ನ? ನಾವೆಲ್ಲಾರೂ ಇಳದುಬಿಡೋಣು. ತನ್ನ ಪಾಡಿಗೆ ತಾ ಹೋಗಲಿ."

"ಚಾಲಕರಿಲ್ಲದ ರೋಬೋ!" ಸುನೀಲನಿಗೆ ಹುರುಪು ಬಂತು. "ಅದಕ್ಕೆ ನಿಯಮ ಇದ್ಯಾ?"

ಚೇತನಾ ಆಗಲೇ ಪುಟ ತಿರುವಿದ್ದಳು. "ಇದೆ. ನಲವತ್ತೊಂದು. ಚಾಲಕರೆಲ್ಲರೂ ಇಳಿದ ಪಕ್ಷದಲ್ಲಿ ಯಂತ್ರವು ಆಟ ನಡೆಸುವವನ ಅಧೀನ. ಅದರ ದಾಳಗಳನ್ನೆಲ್ಲ ಅವನೇ ಒಗೆಯತಕ್ಕದ್ದು."

ಆಟ ನಡೆಸುವವನು ರವೀಂದ್ರ. ರಾಕ್ಷಸನ ದಾಳ ಒಗೆಯುವವನೂ ಅವನೇ. ಎಂದೂ ಯಾರಿಗೂ ಬೇಕಾಗುವುದಿಲ್ಲ ಎಂದುಕೊಂಡು, ಪುಸ್ತಕ ತುಂಬಿದಂತೆ ಕಾಣಲಿ ಎಂದು ಬರೆದಿದ್ದ ನಿಯಮ ಅದು.

"ಇಳೀರಿ ಇಳೀರಿ," ಅನ್ನುತ್ತ ಸಾವಿತ್ರವ್ವ ಬುಟ್ಟಿ ಎತ್ತಿಕೊಂಡು ತನ್ನ ಮೂಲೆಗೆ ಹೋದಳು. ಸುನೀಲ ಗೋಡೆಗೆ ಒರಗಿ ಕಾಲು ಚಾಚಿದ. ಚೇತನಾ ಗಂಗಾಂಬಿಕೆಯ ಸೀರೆಗಳ ಬಣ್ಣ ನೋಡಲು ಹೋದಳು. ಮೇಜಿಗೆ ಉಳಿದವನು ರವೀಂದ್ರ ಒಬ್ಬನೇ. ಬಲಗೈಯಲ್ಲಿ ವಜ್ರಕಾಯನ ದಾಳ, ಎಡಗೈಯಲ್ಲಿ ಘಟ್ಟಾಸುರನದು.

ಟಣ್. ಕಾಲಿಗೆ ಒಂಬತ್ತು. ಟಣ್. ಕಣ್ಣಿಗೆ ಹದಿಮೂರು. ವಜ್ರಕಾಯ ಶಿರಸಿ ಬಿಟ್ಟ.

ಹತ್ತು ನಿಮಿಷದಲ್ಲಿ ಗಂಗಾಂಬಿಕಾ ಒಂದು ಸೀರೆಯ ಸೆರಗು ತಂದು ಮೇಜಿನ ತುದಿಗೆ ಹಾಸಿದಳು. "ಪ್ರಮೋದ ಬರಲಿಲ್ಲಲ್ರಿ. ಸಿದ್ದಾಪುರ ಖಾಲಿ ಐತೆಲ್ಲ?"

"ಅದು ಖಾಲಿ," ಎಂದ ರವೀಂದ್ರ, ಲೆಕ್ಕ ಕೂಡಿಸುತ್ತ. ಇನ್ನು ಹತ್ತು ನಿಮಿಷಕ್ಕೆ ಜರಿಯಂಚು ಇನ್ನಷ್ಟು ಮುಂದೆ ಬಂತು.

"ಶಿರಸಿ ದಾಟಿದ್ನಲ್ರಿ ನಿಮ್ಮ ರೋಬೋ? ದಾಟಿದ ಊರು ಏನ್ ಮಾಡ್ತೀರಿ?"

ಶಿರಸಿ ಹಸಿರು ರೇಷ್ಮೆಯ ಕೆಳಗೆ ಮುಳುಗಿತು. ವಜ್ರಕಾಯ ಯಲ್ಲಾಪುರ ಮುಟ್ಟಿದಾಗ ಮೂಲೆಯಿಂದ ಸಾವಿತ್ರವ್ವ ಕೂಗಿದಳು, "ಪಾಪ, ಎಷ್ಟು ದೂರ ನಡದೈತಿ! ಅಲ್ಲಿ ಸ್ವಲ್ಪ ನೀರು ಕುಡಸೋ." ಅವನು ಕುಡಿಸಿದ. ಅದಕ್ಕೂ ಒಂದು ದಾಳ ಒಗೆದ. ವಜ್ರಕಾಯ ಮುಂದೆ ಹೋದದ್ದೇ ತಡ, ಯಲ್ಲಾಪುರದ ಮೇಲೂ ಸೆರಗು ಬಂತು.

ಮೂರೂವರೆಗೆ ಉಳಿದದ್ದು ಅರಬೈಲು ಘಟ್ಟ ಮಾತ್ರ. ಮೇಜಿನ ಕೊನೆಯ ಒಂದು ಮೊಳ. ರವೀಂದ್ರ ಅದರ ಮೇಲೆ ಬಗ್ಗಿ ನಿಂತು ಕಾದಾಡುತ್ತಿದ್ದ. ಎಡಗೈ ಗರ್ಜಿಸಿದರೆ ಬಲಗೈ ತಡೆಯಿತು. ಬಲಗೈ ಹೊಡೆದರೆ ಎಡಗೈ ನರಳಿತು. ಬೆವರು ಮೂಗಿನ ತುದಿಯಿಂದ ಘಟ್ಟದ ತಿರುವಿನ ಮೇಲೆ ತೊಟ್ಟಿಕ್ಕಿತು.

"ರಾಕ್ಷಸನಿಗೆ ಎರಡು ಜಾಸ್ತಿ ಕೊಟ್ರಿ," ಗೋಡೆಯ ಬುಡದಿಂದ ಸುನೀಲ ಆಕ್ಷೇಪಿಸಿದ.

"ಗುಡ್ಡದ ಮ್ಯಾಲೆ ನಿಂತಾನ, ಅದಕ್ಕ!"

"ನಿಮಗೆ ನೀವೇ ಮೋಸ ಮಾಡ್ಕೊಂಡ್ರೆ ನಾವು ಎಂತ ಹೇಳೋದು," ಎಂದು ಸುನೀಲ ಮಗ್ಗುಲು ಬದಲಿಸಿದ.

ವಜ್ರಕಾಯನಲ್ಲಿ ಮೂರು ಪ್ರಾಣ ಉಳಿದಿತ್ತು. ಒಂದೇ ಪೆಟ್ಟಿಗೆ ಅವಕಾಶ. ಹದಿನೇಳಕ್ಕಿಂತ ಕಡಿಮೆ ಬಿದ್ದರೆ ಮುಗಿಯಿತು. ರವೀಂದ್ರ ದಾಳವನ್ನು ಎರಡೂ ಅಂಗೈ ನಡುವೆ ಹಿಡಿದು ಕಣ್ಣು ಮುಚ್ಚಿದ. ಗಂಗಾಂಬಿಕೆಯ ಹೊಲಿಗೆ ಯಂತ್ರದ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು, ಆಗ ನಿಂತಿತು. ಅದು ಅವನ ಗಮನಕ್ಕೆ ಬರಲಿಲ್ಲ.

ಟಣ್, ಟಣ್, ಟಣಣ.

ಹದಿನೆಂಟು.

"ಮುಗೀತು!" ರವೀಂದ್ರ ಕೂಗಿದ. "ಘಟ್ಟಾಸುರ ಬಿದ್ದ! ಆಟ ಮುಗೀತು! ಗಂಗಾ, ಟೈಮ್ ನೋಡು, ಪೌಣೇ ನಾಕು, ಇನ್ನೂ ಕಾಲು ತಾಸೈತಿ!"

ಯಾರಾದರೂ ಹೇಳುವುದನ್ನು ಕೇಳಬೇಕೆಂದಿದ್ದ ಮಾತನ್ನು ತಾನೇ ಹೇಳಿಕೊಂಡದ್ದು ಆಮೇಲೆ ಅವನಿಗೆ ಹೊಳೆಯಿತು. ಆದರೂ ಮಾತು ಮಾತೇ. ಅವನು ಪೆನ್ನಿನ ಮುಚ್ಚಳ ತೆಗೆದು ನೂರಾ ಹನ್ನೆರಡನೆಯ ಪುಟ ತೆರೆದ.

"ತಡಿ," ಸಾವಿತ್ರವ್ವ ಬೆಳ್ಳುಳ್ಳಿ ಸಿಪ್ಪೆ ಕೊಡವುತ್ತ ಎದ್ದು ಬಂದಳು. "ಮುಗಿಸಿದ್ದು ಯಾರು?"

"ನಾ."

"ನಾವ್ಯಾರಾರ ದಾಳ ಮುಟ್ಟಿದ್ವೇನು?"

"ಇಲ್ಲ. ನೀವೆಲ್ಲಾ ಇಳದಿದ್ರಿ."

"ಮತ್ತ ಎರಡು ತಾಸು ಕೊರಳು ಬಗ್ಗಿಸಿ ಎಳದವ್ರು ಯಾರು? ಬೆವರಿದವ್ರು ಯಾರು? ಮಂದಿ ಹೇಳಿದಂಗ ನಡದವ್ರು ಯಾರು?" ಮಗನ ಒದ್ದೆ ಅಂಗಿಯ ಬೆನ್ನು ಮುಟ್ಟಿ ನೋಡಿ ಸಾವಿತ್ರವ್ವ ಎರಡೂ ಕೆನ್ನೆ ಬಡಿದುಕೊಂಡಳು. "ಅಯ್ಯ ಶಿವನ! ಸೋಮವಾರ ಹೂಡಬಾರ್ದು, ಹೂಡಬಾರ್ದು ಅನ್ಕೊಂತ ಕಡೀಗೆ ನಮ್ಮ ಮನೀದನ್ನ ಹೂಡಿಬಿಟ್ವಲ್ಲವಾ ಗಂಗಾ!"

ಸುನೀಲ ಬಾಯಿಗೆ ಕೈ ಅಡ್ಡ ಹಿಡಿದ. ಚೇತನಾ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು.

"ಅವ್ವಾ, ಆಟ ಮುಗದೈತಿ. ಕರಾರಿನ ಪ್ರಕಾರ..."

"ಸೋಮವಾರ ಹೊಡದ ಗಳೆ ಲೆಕ್ಕಕ್ಕ ಹಿಡಿಯಂಗಿಲ್ಲಪಾ. ನಿಮ್ಮ ಅಪ್ಪನ ಕಾಲದಾಗ ಒಬ್ಬಾಂವ ಕದ್ದು ಸೋಮವಾರ ನೇಗಿಲ ಹೂಡಿದ್ದ. ಊರವ್ರು ಅಷ್ಟೂ ಹೊಲ ಮಂಗಳವಾರ ಮತ್ತ ಹೊಡಸಿದ್ರು. ಇದೂ ಹಂಗ. ಹೊಡದೀ, ಹೌದು. ಹಿಡಿಯಂಗಿಲ್ಲ."

ಪಂಚರ ಮುಖವನ್ನು ರವೀಂದ್ರ ನೋಡಿದ. ಪಂಚರು, ಅತ್ತೆಯ ಮಾತಿಗೆ ಎದುರಾಡುವ ವಾಡಿಕೆ ಮನೆಯಲ್ಲಿಲ್ಲವೆಂಬಂತೆ ಸೆರಗನ್ನು ಮೆಲ್ಲಗೆ ಎಳೆದರು. ಅರಬೈಲು ಘಟ್ಟ, ಬಿದ್ದ ರಾಕ್ಷಸ, ಅವನ ಮೇಲೆ ಕಾಲಿಟ್ಟು ನಿಂತ ವಜ್ರಕಾಯ, ಎಲ್ಲವೂ ಹಸಿರು ರೇಷ್ಮೆಯ ಅಡಿಗೆ ಹೋದವು. ಎರಡು ತಾಮ್ರದ ಕೊಂಬುಗಳಷ್ಟೇ ಬಟ್ಟೆಯನ್ನು ಮೇಲೆತ್ತಿ ನಿಂತವು.

ರವೀಂದ್ರ ಪೆನ್ನಿಗೆ ಮುಚ್ಚಳ ಹಾಕಿ ಕುರ್ಚಿಯಲ್ಲಿ ಕೂತ. ಗಂಟಲು ಒಣಗಿತ್ತು. ಬೆಳಗಿನಿಂದ ನೀರು ಕುಡಿದ ನೆನಪಿರಲಿಲ್ಲ, ಯಲ್ಲಾಪುರದಲ್ಲಿ ಕುಡಿಸಿದ್ದೊಂದನ್ನು ಬಿಟ್ಟು.

"ಅಲ್ರಿ," ಗಂಗಾಂಬಿಕಾ ಸೀರೆಯ ಮಡಿಕೆ ಬಿಡಿಸುತ್ತ, ಅವನ ಕಡೆ ನೋಡದೆ ಅಂದಳು. "ಹದಿನೆಂಟು ಬೀಳೂತನಕ ನನ್ನ ಮಶೀನಿನ ಸೂಜಿ ನಿಂತಿತ್ತು. ಮೂವತ್ತೊಂಬತ್ತು ಸೀರಿ ನಾಳೆ ಸಂಜೀ ಒಳಗ ಮುಗೀತಾವ. ನಾಳೆ ಮಂಗಳವಾರ. ಅತ್ತೀಗೆ ಹೆಂಗೂ ಮಂಡಿ ನೋವು, ಹಂಗಂತ ಆ ಕಾಲಿನ ಕುರ್ಚಿ ಏನ್ ಖಾಲಿ ಬಿಡೂದು, ನಾನ..."

ಅಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. 'ಅತ್ತೀಗೆ ಹೆಂಗೂ' ಎನ್ನುವಾಗಲೇ ರವೀಂದ್ರ ಎದ್ದಿದ್ದ. ತಲೆ ತಗ್ಗಿಸಿಕೊಂಡು, ಯಾರ ಮುಖವನ್ನೂ ನೋಡದೆ, ಹಿತ್ತಿಲ ಬಾಗಿಲು ದಾಟಿ ನೀರಿನ ತೊಟ್ಟಿಯ ಕಡೆ ನಡೆದಿದ್ದ.

"ನೋಡ್ರಿ ಅತ್ತಿ! ನಾ ಮಾತಾಡಾಕ ಹತ್ತೀನಿ, ಇವರು..."

"ಕರೀಬ್ಯಾಡ, ಬಿಡು," ಎಂದಳು ಸಾವಿತ್ರವ್ವ. "ನೀರಿಗೆ ಹೊಂಟಾನ. ತಾನ ಹೋಗಿ ತಾನ ಬರಲಿ."